ಒಂದು ಸಾಫ್ಟ್‌ವೇರ್, ಒಂದು ಹಾಡು

ಕೇಳುಗರೆಲ್ಲರಿಗೂ ನಮಸ್ಕಾರ.

ಮನೆಯಲ್ಲೇ ಹಾಡು ರೆಕಾರ್ಡ್ ಮಾಡುವವರು ಯಾವ ಸಾಫ್ಟ್‌ವೇರ್ ಆರಿಸಿಕೊಳ್ಳಬೇಕು, ಅದರ ಬಗ್ಗೆ ಮಾತಾಡಿ ಅಂತ ನನ್ನನ್ನು ಇಲ್ಲಿಗೆ ಕರೆದಿದ್ದಾರೆ. ಈಗ ರೇಡಿಯೋ ಹಚ್ಚಿಕೊಂಡು ಕೂತಿರುವವರು ಯಾರು ಅಂತ ನನಗೊಂದು ಅಂದಾಜಿದೆ. ಕುಶಾಲನಗರದಲ್ಲಿ ಕಾಲೇಜಿಗೆ ಹೋಗುತ್ತಾ ಗಿಟಾರ್ ಕಲಿಯುತ್ತಿರುವ ಹುಡುಗ. ವಿರಾಜಪೇಟೆಯ ಚರ್ಚಿನಲ್ಲಿ ಕೀಬೋರ್ಡ್ ನುಡಿಸುವ ಹುಡುಗಿ. ಭಾಗಮಂಡಲದ ಕಡೆ ಅರೆಭಾಷೆಯಲ್ಲಿ ಸೋಬಾನೆ ಹಾಡುವ ಅಕ್ಕ, ಪಕ್ಕದಲ್ಲಿ ಮೊಬೈಲ್ ಹಿಡಿದು ನಿಂತ ಅವರ ಮಗ. ಈ ಮಾತು ನಿಮಗೇ. ದೊಡ್ಡ ದೊಡ್ಡ ಸ್ಟುಡಿಯೋ ನಡೆಸುವವರು ಯಾರಾದರೂ ಕೇಳುತ್ತಿದ್ದರೆ, ನೀವು ಹೋಗಿ ಒಂದು ಕಾಫಿ ಕುಡಿದು ಬನ್ನಿ. ನಿಮಗೆ ಹೇಳುವಂಥದ್ದು ನನ್ನ ಹತ್ತಿರ ಏನೂ ಇಲ್ಲ.

ನನಗೆ ಫೋನ್ ಮಾಡುವವರು ಮೊದಲು ಕೇಳುವುದು ಒಂದೇ ಪ್ರಶ್ನೆ. 'ಸರ್, ಯಾವ ಸಾಫ್ಟ್‌ವೇರ್ ಬೆಸ್ಟ್?' ನಾನು ತಿರುಗಿ ಕೇಳುತ್ತೇನೆ, 'ಇಲ್ಲಿಯವರೆಗೆ ಎಷ್ಟು ಹಾಡು ಮುಗಿಸಿದ್ದೀಯಪ್ಪಾ?' ಆ ಕಡೆ ಸದ್ದೇ ಇರುವುದಿಲ್ಲ. ಕಂಪ್ಯೂಟರಿನಲ್ಲಿ ಆರು ಸಾಫ್ಟ್‌ವೇರ್ ಇರುತ್ತವೆ, ಪೂರ್ತಿಯಾದ ಹಾಡು ಒಂದೂ ಇರುವುದಿಲ್ಲ. ಹಾಗಾಗಿ ಇವತ್ತು ನಾನು ಹೇಳಬೇಕಾಗಿರುವುದು ಇಷ್ಟೇ: ಒಂದು ಸಾಫ್ಟ್‌ವೇರ್ ಹಿಡಿಯಿರಿ, ಒಂದು ಹಾಡು ಮುಗಿಸಿ. ಹಾಡು ಮುಗಿಯುವವರೆಗೆ ಬದಲಾಯಿಸಬೇಡಿ.

ಯಾವುದನ್ನು ಹಿಡಿಯಬೇಕು ಅಂತೀರಾ? ನಿಮ್ಮ ಮನೆಯಲ್ಲಿ ಈಗ ಯಾವ ಯಂತ್ರ ಇದೆಯೋ ಅದೇ ಹೇಳುತ್ತದೆ. ಬರೀ ಆಂಡ್ರಾಯ್ಡ್ ಮೊಬೈಲ್ ಇದ್ದರೆ ಬ್ಯಾಂಡ್‌ಲ್ಯಾಬ್ ಹಾಕಿಕೊಳ್ಳಿ, ದುಡ್ಡು ಬೇಡ. ಐಫೋನ್, ಐಪ್ಯಾಡ್ ಅಥವಾ ಆಪಲ್ ಕಂಪ್ಯೂಟರ್ ಇದ್ದರೆ ಗರಾಜ್‌ಬ್ಯಾಂಡ್, ಅದಕ್ಕೂ ದುಡ್ಡು ಬೇಡ. ವಿಂಡೋಸ್ ಲ್ಯಾಪ್‌ಟಾಪ್ ಇದ್ದು ಒಂದೆರಡು ದನಿ ಮಾತ್ರ ಹಿಡಿಯುವುದಾದರೆ ಆಡಾಸಿಟಿ ಸಾಕು. ಗಿಟಾರ್ ಬೇರೆ, ದನಿ ಬೇರೆ, ತಬಲಾ ಬೇರೆ ಅಂತ ಒಂದರ ಮೇಲೊಂದು ಟ್ರ್ಯಾಕ್ ಕೂರಿಸುವುದಾದರೆ ರೀಪರ್. ರೀಪರ್ 60 ದಿನ ಯಾವ ಕಟ್ಟುಪಾಡೂ ಇಲ್ಲದೆ ಪೂರ್ತಿ ಕೆಲಸ ಮಾಡುತ್ತದೆ, ಇಷ್ಟವಾದರೆ ಆಮೇಲೆ ಮನೆ ಬಳಕೆಗೆ 60 ಡಾಲರ್. ಅದರ ಡೌನ್‌ಲೋಡ್ ನಾಲ್ಕೈದು ಹಾಡಿನ ಎಂಪಿತ್ರೀ ಫೈಲ್‌ನಷ್ಟೇ. ನೆಟ್‌ವರ್ಕ್ ಹುಡುಕಿಕೊಂಡು ರಸ್ತೆ ತಿರುವಿಗೆ ಹೋಗಿ ನಿಲ್ಲುವ ನಮ್ಮ ಊರುಗಳಿಗೆ ಇದು ಸಣ್ಣ ವಿಷಯ ಅಲ್ಲ, ಅಲ್ವಾ?

ಇನ್ನು ಕ್ಯೂಬೇಸ್, ಪ್ರೊ ಟೂಲ್ಸ್, ಲಾಜಿಕ್, ಏಬಲ್ಟನ್, ಎಫ್‌ಎಲ್ ಸ್ಟುಡಿಯೋ. ಹೆಸರು ಕೇಳಿದರೇ ಹುಡುಗರ ಕಣ್ಣು ಅರಳುತ್ತದೆ. ಒಳ್ಳೆಯವೇ, ಇಲ್ಲ ಅನ್ನುವುದಿಲ್ಲ. ಕ್ಯೂಬೇಸ್ ಬಂದದ್ದು 1989ರಲ್ಲಿ. ಪ್ರೊ ಟೂಲ್ಸ್ 1991ರಲ್ಲಿ. ಎಫ್‌ಎಲ್ ಸ್ಟುಡಿಯೋ 1997ರಲ್ಲಿ ಫ್ರೂಟಿಲೂಪ್ಸ್ ಅನ್ನುವ ಹೆಸರಲ್ಲಿ ಶುರುವಾಯಿತು. ಉಚಿತವಾದ ಆಡಾಸಿಟಿಯೇನೂ ನಿನ್ನೆ ಮೊನ್ನೆಯದಲ್ಲ, 2000ದಲ್ಲಿ ಬಂತು. ಇವೆಲ್ಲ ವರ್ಷಗಟ್ಟಲೆ ತಿದ್ದಿ ತೀಡಿ ಹದವಾದ ಸಾಮಾನು. ಇವುಗಳಲ್ಲಿ ಕೆಟ್ಟದ್ದು ಯಾವುದು ಅಂತ ಹುಡುಕುತ್ತಾ ಕೂರುವುದು ಸುಮ್ನೆ ಹೊತ್ತು ಹಾಳು.

'ಆದರೆ ಸರ್, ದುಬಾರಿ ಸಾಫ್ಟ್‌ವೇರಲ್ಲಿ ದನಿ ಚೆನ್ನಾಗಿ ಬರುತ್ತಂತೆ!' ಬರುವುದಿಲ್ಲ. ಇದನ್ನು ಸ್ವಲ್ಪ ಗಮನ ಇಟ್ಟು ಕೇಳಿ. ಮೈಕಿನಿಂದ ಬಂದ ದನಿಯನ್ನು ಅಂಕಿಗಳಾಗಿ ಮಾಡುವುದು ಸಾಫ್ಟ್‌ವೇರ್ ಅಲ್ಲ. ಆಡಿಯೋ ಇಂಟರ್‌ಫೇಸ್ ಅಂತ ಒಂದು ಪುಟ್ಟ ಪೆಟ್ಟಿಗೆ ಇರುತ್ತದೆ. ಒಂದು ಕಡೆ ಮೈಕಿನ ವೈರ್, ಇನ್ನೊಂದು ಕಡೆ ಯುಎಸ್‌ಬಿ ವೈರ್. ಆ ಪೆಟ್ಟಿಗೆ ಒಂದು ಸೆಕೆಂಡಿಗೆ 48,000 ಸಲ ದನಿಯನ್ನು ಅಳೆದು ಕಂಪ್ಯೂಟರಿಗೆ ಕೊಡುತ್ತದೆ. ಸಾಫ್ಟ್‌ವೇರ್ ಅದನ್ನು ಬರೆದಿಟ್ಟುಕೊಳ್ಳುತ್ತದೆ, ಅಷ್ಟೇ. ದುಡ್ಡು ಕೊಟ್ಟು ತಂದದ್ದೂ ಅದೇ ಅಂಕಿ ಬರೆಯುತ್ತದೆ, ಉಚಿತದ್ದೂ ಅದೇ ಅಂಕಿ ಬರೆಯುತ್ತದೆ. ಖರ್ಚು ಮಾಡಲೇಬೇಕು ಅಂತ ಕೈ ತುರಿಸುತ್ತಿದ್ದರೆ ಮೈಕಿಗೂ ಆ ಪೆಟ್ಟಿಗೆಗೂ ಹಾಕಿ.

ಇಲ್ಲಿ ಒಂದು ಸಂಗತಿ ಹೇಳಲೇಬೇಕು. ನಾಪೋಕ್ಲು ಕಡೆಯ ಒಂದು ಐನ್‌ಮನೆ, ಅಂದರೆ ಕೊಡವ ಕುಟುಂಬದ ಮೂಲಮನೆ. ಆ ಮನೆಯ ಹುಡುಗ ಮೈಸೂರಿನಲ್ಲಿ ಓದುತ್ತಿದ್ದ. ಅವನ ಅಜ್ಜ ದುಡಿಕೊಟ್ಟ್ ಪಾಟ್, ಅಂದರೆ ದುಡಿ ಅನ್ನುವ ಪುಟ್ಟ ಚರ್ಮವಾದ್ಯ ಬಾರಿಸುತ್ತಾ ಹೇಳುವ ಕೊಡವ ಹಾಡು, ಹಾಡುವವರು. ಸುಗ್ಗಿ ಹಬ್ಬ ಪುತ್ತರಿಗೆ ಇನ್ನೂ ಸ್ವಲ್ಪ ದಿನ ಇತ್ತು. ಅಜ್ಜನ ಹಾಡನ್ನು ಒಂದು ಸಲ ಸರಿಯಾಗಿ ರೆಕಾರ್ಡ್ ಮಾಡಿಡಬೇಕು, ಬನ್ನಿ ಅಂಕಲ್ ಅಂತ ಕರೆದ. ಹೋದೆ. ಈ ಹಾಡಿಗೆ ನಾಲ್ಕು ಜನ ಬೇಕು, ನಾಲ್ವರ ಕೈಯಲ್ಲೂ ದುಡಿ. ಇಬ್ಬರು ಒಂದು ಸಾಲು ಹಾಡಿದರೆ ಇನ್ನಿಬ್ಬರು ಅದನ್ನೇ ತಿರುಗಿ ಹಾಡುತ್ತಾರೆ. ಉಳಿದ ಮೂವರು ಹಿರಿಯರೂ ಮಧ್ಯಾಹ್ನಕ್ಕೇ ಬಂದು ಕಯ್ಯಾಲೆಯಲ್ಲಿ, ಅಂದರೆ ಮನೆಯ ಮುಂದಿನ ಜಗಲಿಯಲ್ಲಿ ಕೂತಿದ್ದರು. ತೇವಕ್ಕೆ ದುಡಿಯ ಚರ್ಮ ಸಡಿಲವಾಗಿತ್ತು, ಒಲೆಯ ಹತ್ತಿರ ಹಿಡಿದು ಕಾಯಿಸಿಕೊಂಡು ತಯಾರಾಗಿದ್ದರು.

ಹುಡುಗ ತಯಾರಿರಲಿಲ್ಲ. ಲ್ಯಾಪ್‌ಟಾಪ್ ತೆರೆದ. ಮೊದಲ ಸಾಫ್ಟ್‌ವೇರ್ ಯಾರೋ ಗೆಳೆಯ ಪೆನ್‌ಡ್ರೈವ್‌ನಲ್ಲಿ ಕೊಟ್ಟ ಕಳ್ಳ ಕಾಪಿ. ಅರ್ಧಕ್ಕೆ ಬಂದು ನಿಂತೇ ಹೋಯಿತು. ಎರಡನೆಯದಕ್ಕೆ ಇಂಟರ್‌ಫೇಸ್ ಪೆಟ್ಟಿಗೆ ಕಾಣಿಸಲೇ ಇಲ್ಲ. ಅಷ್ಟರಲ್ಲಿ ಒಂದು ಸುತ್ತು ಬೆಲ್ಲದ ಕಾಫಿ ಬಂತು. ಮೂರನೆಯದು ತೆರೆದುಕೊಂಡಿತು. ಹುಡುಗ ಖುಷಿಯಾಗಿ ಅಜ್ಜನ ಕಿವಿಗೆ ಹೆಡ್‌ಫೋನ್ ಹಾಕಿ ರೆಕಾರ್ಡ್ ಬಟನ್ ಒತ್ತಿದ. ಆ ಸಾಫ್ಟ್‌ವೇರಲ್ಲಿ ಕ್ಲಿಕ್ ಅಂತ ಒಂದು ಇರುತ್ತದೆ, ತಾಳಕ್ಕೆ ಟಿಕ್ ಟಿಕ್ ಅನ್ನುತ್ತದೆ. ಅದರ ವೇಗ ನಿಮಿಷಕ್ಕೆ 120, ಕಂಪನಿಯವರೇ ಇಟ್ಟು ಕಳಿಸಿರುವುದು. ಹುಡುಗ ಅದನ್ನು ಮುಟ್ಟಿರಲಿಲ್ಲ. ಅಜ್ಜ ಎರಡು ಸಾಲು ಹಾಡಿದರು, ನಿಲ್ಲಿಸಿದರು. ಮತ್ತೆ ಶುರು ಮಾಡಿದರು, ಮತ್ತೆ ನಿಲ್ಲಿಸಿದರು. ಹೆಡ್‌ಫೋನ್ ತೆಗೆದು ಕೈಯಲ್ಲಿ ಹಿಡಿದು ಕೊಡವ ತಕ್ಕಿನಲ್ಲಿ ಕೇಳಿದ್ದನ್ನು ಕನ್ನಡದಲ್ಲಿ ಹೇಳುತ್ತೇನೆ: 'ಒಳಗೆ ಕೂತು ಟಿಕ್ ಟಿಕ್ ಅನ್ನುತ್ತಿರುವವನು ಯಾರು? ಅವನಿಗೆ ಈ ಹಾಡು ಗೊತ್ತಿಲ್ಲ. ಮೊದಲು ಅವನನ್ನು ಹೊರಗೆ ಕಳಿಸಿ.'

ಕಯ್ಯಾಲೆಯಲ್ಲಿ ಎಲ್ಲರೂ ನಕ್ಕರು. ಆದರೆ ಅಜ್ಜ ಹೇಳಿದ್ದು ನೂರಕ್ಕೆ ನೂರು ಸರಿ. ನಾಲ್ಕು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು ಹಾಡುವ ಹಾಡಿಗೆ ಯಂತ್ರದ ತಾಳ ಯಾಕೆ?

ನಾನು ಹುಡುಗನಿಗೆ ಎಲ್ಲವನ್ನೂ ಮುಚ್ಚಲು ಹೇಳಿದೆ. ಕಾಲೇಜಿನ ಯಾವುದೋ ಪ್ರಾಜೆಕ್ಟಿಗೆ ಅಂತ ಹಾಕಿಕೊಂಡ ಆಡಾಸಿಟಿ ಒಂದು ಮೂಲೆಯಲ್ಲಿ ಬಿದ್ದಿತ್ತು. ಅದನ್ನು ತೆರೆಸಿದೆ. ಇದ್ದದ್ದು ಎರಡು ಮೈಕ್. ಒಂದು ಜೋಡಿಗೆ ಒಂದು, ಇನ್ನೊಂದು ಜೋಡಿಗೆ ಒಂದು. ಸ್ಟೀರಿಯೋ ಅಂತ ಇಟ್ಟರೆ ಮೊದಲನೇ ಮೈಕ್ ಎಡಕ್ಕೆ ಹೋಗುತ್ತದೆ, ಎರಡನೆಯದು ಬಲಕ್ಕೆ. ಆಮೇಲೆ ಬೇಕಾದರೆ ಬೇರೆ ಬೇರೆ ಮಾಡಿಕೊಳ್ಳಬಹುದು. ಒಂದು ಸಲ ಬಾರಿಸಿ ನೋಡಿದಾಗ ದುಡಿಯ ಹೊಡೆತಕ್ಕೆ ಮೀಟರು ಕೆಂಪಿಗೆ ಹಾರಿತು. ಮೈಕನ್ನು ಒಂದು ಮಾರು ಹಿಂದಕ್ಕೆ ಸರಿಸಿ, ಅತಿ ಜೋರಿನ ಹೊಡೆತವೂ ಮೀಟರಿನಲ್ಲಿ ಮೈನಸ್ 12 ಡೆಸಿಬೆಲ್ ಹತ್ತಿರ ನಿಲ್ಲುವ ಹಾಗೆ ಇಂಟರ್‌ಫೇಸ್ ಪೆಟ್ಟಿಗೆಯ ಗುಂಡಿ ತಿರುಗಿಸಿದೆವು. ಹೆಡ್‌ಫೋನ್ ಯಾರಿಗೂ ಇಲ್ಲ. ಕೆಂಪು ಬಟನ್ ಒತ್ತಿ ಸುಮ್ಮನೆ ಕೂತೆವು. ಅರ್ಧ ಗಂಟೆ, ಒಂದು ಕಡೆಯೂ ನಿಲ್ಲಿಸದೆ ಹಾಡಿದರು. ನಡುವೆ ಒಂದು ಸಲ ಕೋಳಿ ಕೂಗಿದೆ. ಇರಲಿ, ಅದೂ ಆ ಮನೆಯದೇ ತಾನೇ.

ಹಾಡು ಮುಗಿದ ಮೇಲೆ ಅಜ್ಜನಿಗೆ ಮತ್ತೆ ಹೆಡ್‌ಫೋನ್ ಹಾಕಿದೆವು. ಒಂದು ಜೋಡಿ ಎಡಗಿವಿಯಲ್ಲಿ, ಇನ್ನೊಂದು ಜೋಡಿ ಬಲಗಿವಿಯಲ್ಲಿ. ಅವರು ತಲೆಯನ್ನು ಒಮ್ಮೆ ಈ ಕಡೆ ಒಮ್ಮೆ ಆ ಕಡೆ ತಿರುಗಿಸುತ್ತಾ ಕೇಳಿದರು, ಪಕ್ಕದಲ್ಲೇ ಜನ ಕೂತಿದ್ದಾರೆ ಅನ್ನುವ ಹಾಗೆ.

ಆ ದಿನ ನಾವು ಬಳಸಿದ್ದು ಏನೇನು ಹೇಳಿ. ರೆಕಾರ್ಡ್ ಬಟನ್. ಮೊದಲೂ ಕೊನೆಯೂ ಬೇಡದ್ದನ್ನು ಕತ್ತರಿಸಿದ್ದು. ಕೊನೆಯನ್ನು ಮೆಲ್ಲಗೆ ಇಳಿಸಿದ್ದು. ಒಂದು ಕಡೆಯ ವಾಲ್ಯೂಮ್ ತುಸು ಏರಿಸಿದ್ದು. ಆಮೇಲೆ ಫೈಲ್ ಮಾಡಿ ಹೊರಗೆ ತೆಗೆದದ್ದು. ಇಷ್ಟು ಕೆಲಸ ನಾನು ಹೇಳಿದ ಎಲ್ಲ ಸಾಫ್ಟ್‌ವೇರ್‌ಗಳೂ ಮಾಡುತ್ತವೆ. ಇಷ್ಟನ್ನು ಕಣ್ಣು ಮುಚ್ಚಿ ಮಾಡಲು ನಿಮಗೆ ಬರುತ್ತದೆಯೇ? ಬರುವವರೆಗೆ ಹೊಸದನ್ನು ಹುಡುಕಬೇಡಿ. ಒಂದು ಸಾಫ್ಟ್‌ವೇರ್ ಹಿಡಿಯಿರಿ, ಒಂದು ಹಾಡು ಮುಗಿಸಿ.

ಕತೆ ಉದ್ದವಾಯಿತು, ಹೊತ್ತು ಹೋದದ್ದು ಗೊತ್ತಾಗಲಿಲ್ಲ. ಉಳಿದದ್ದನ್ನು ಬೇಗ ಬೇಗ ಹೇಳಿಬಿಡುತ್ತೇನೆ.

ಕಳ್ಳ ಕಾಪಿ ಬೇಡ. ಅದು ಹಾಡಿನ ಮಧ್ಯೆ ಕೈಕೊಡುತ್ತದೆ, ಜೊತೆಗೆ ವೈರಸ್ಸನ್ನೂ ತರುತ್ತದೆ. ಒಳ್ಳೆಯದು ಉಚಿತವಾಗಿ ಸಿಗುವಾಗ ಕದ್ದದ್ದು ಯಾಕೆ ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಹಾಡುವಾಗ ನಿಮ್ಮ ದನಿ ನಿಮಗೇ ತಡವಾಗಿ ಕೇಳಿಸುತ್ತಿದೆಯೇ? ಸೆಟ್ಟಿಂಗ್ಸ್‌ನಲ್ಲಿ ಬಫರ್ ಅಂತ ಇರುತ್ತದೆ, ಕಂಪ್ಯೂಟರ್ ದನಿಯನ್ನು ತುಸು ಹೊತ್ತು ಹಿಡಿದಿಟ್ಟುಕೊಳ್ಳುವ ಜಾಗ ಅದು, ಅದನ್ನು 128 ಸ್ಯಾಂಪಲ್‌ಗೆ ಇಳಿಸಿ. ಹಾಡಿ ಮುಗಿಸಿ ಎಡಿಟ್ ಮಾಡಲು ಕೂತಾಗ 1024ಕ್ಕೆ ಏರಿಸಿ. ಇಂಟರ್‌ಫೇಸ್‌ನಲ್ಲಿ ಡೈರೆಕ್ಟ್ ಮಾನಿಟರ್ ಬಟನ್ ಇದ್ದರೆ ಈ ತಲೆನೋವೇ ಇಲ್ಲ, ಅದನ್ನು ಒತ್ತಿ. ಸಾಫ್ಟ್‌ವೇರ್ ಸರಿಯಿಲ್ಲ ಅಂತ ಬದಲಾಯಿಸುವವರಲ್ಲಿ ಅರ್ಧ ಜನರ ಕಾಯಿಲೆ ಇದೊಂದೇ.

ರೆಕಾರ್ಡಿಂಗ್‌ನಲ್ಲಿ ಗುಂಯ್ ಅನ್ನುವ ಸದ್ದು ಬಂದರೆ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿ. ಹೇಗೂ ಮಳೆಗಾಲದಲ್ಲಿ ಮರ ಬಿದ್ದರೆ ಕರೆಂಟು ಇರುವುದಿಲ್ಲ, ಅಭ್ಯಾಸವಾದ ಹಾಗೂ ಆಯಿತು.

ಮಳೆಯ ಮಾತು ಬಂತಲ್ಲ. ತಗಡಿನ ಶೀಟಿನ ಕೆಳಗೆ ಕಕ್ಕಡ ತಿಂಗಳ, ಅಂದರೆ ಜುಲೈ-ಆಗಸ್ಟ್‌ನ, ಮಳೆಯಲ್ಲಿ ರೆಕಾರ್ಡ್ ಮಾಡಿ, ಆಮೇಲೆ ಮಳೆ ಸದ್ದು ತೆಗೆಯುವ ಸಾಫ್ಟ್‌ವೇರ್ ಯಾವುದು ಸರ್ ಅಂತ ನನಗೆ ಫೋನ್ ಮಾಡಬೇಡಿ. ಆ ತಿಂಗಳಲ್ಲಿ ಹಳೆಯದನ್ನು ಎಡಿಟ್ ಮಾಡಿ, ಹಾಡು ಬರೆಯಿರಿ. ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬ ಕಳೆದು ಆಕಾಶ ತಿಳಿಯಾಗಲಿ. ಸಂಜೆಯ ಜೀರುಂಡೆಗಿಂತ ಬೆಳಗ್ಗೆಯೇ ಒಳ್ಳೆಯದು. ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆಗೆದು ಅದಕ್ಕೆ ಮುಖ ಮಾಡಿ ಹಾಡಿ, ಬೆನ್ನ ಹಿಂದೆ ಒಂದು ದಪ್ಪ ಕಂಬಳಿ ನೇತುಹಾಕಿ. ಎಷ್ಟೇ ದುಡ್ಡಿನ ಸಾಫ್ಟ್‌ವೇರ್ ಹಾಕಿದರೂ ಬರೀ ಗೋಡೆಯ ಪ್ರತಿಧ್ವನಿಯನ್ನು ಅದು ಇಷ್ಟು ಚೆನ್ನಾಗಿ ತೆಗೆಯುವುದಿಲ್ಲ.

ಕೊನೆಯದಾಗಿ, ಫೈಲನ್ನು ವೇವ್ ಆಗಿ ಇಡಿ, ಎಂಪಿತ್ರೀ ಬೇಡ. ವೇವ್ ದನಿಯನ್ನು ಇದ್ದ ಹಾಗೇ ಇಡುತ್ತದೆ; ಎಂಪಿತ್ರೀ ಒಂದಷ್ಟನ್ನು ಕಳೆದು ಚಿಕ್ಕದು ಮಾಡುತ್ತದೆ, ಅದು ವಾಟ್ಸಾಪ್‌ನಲ್ಲಿ ಕಳಿಸಲಿಕ್ಕೆ ಮಾತ್ರ. ಅಜ್ಜನ ಆ ಅರ್ಧ ಗಂಟೆಯ ಹಾಡು 24 ಬಿಟ್ ವೇವ್ ಮಾಡಿದಾಗ ಸುಮಾರು 500 ಎಂಬಿ ಆಯಿತು. ಈಗಿನ ಪೆನ್‌ಡ್ರೈವ್‌ಗೆ ಅದೇನೂ ಜಾಸ್ತಿ ಅಲ್ಲ. ಲ್ಯಾಪ್‌ಟಾಪಿನಲ್ಲಿ ಒಂದು ಕಾಪಿ ಇರಲಿ, ಬೇರೆ ಮನೆಯಲ್ಲಿ ಇನ್ನೊಂದು ಇರಲಿ. ಯಾರು ಹಾಡಿದರು, ಯಾವ ಊರು, ಯಾವ ದಿನ ಅನ್ನುವುದನ್ನು ಫೈಲಿನ ಹೆಸರಿನಲ್ಲೇ ಬರೆಯಿರಿ. 'ಫೈನಲ್ ಫೈನಲ್ 2' ಅಂತ ಹೆಸರಿಟ್ಟರೆ ಮುಂದಿನ ವರ್ಷ ನಿಮಗೇ ಅದು ಯಾವ ಹಾಡು ಅಂತ ಗೊತ್ತಾಗುವುದಿಲ್ಲ.

ನಮಸ್ಕಾರ.