ಲೀಟರ್ ಕೇಳಬೇಡಿ, ಅಗಲ ಅಳೆಯಿರಿ: ಮೀನುಕೊಳದ ಹೂಳುತೊಟ್ಟಿ

ಎಲ್ಲರಿಗೂ ನಮಸ್ಕಾರ. ಇಲ್ಲಿ ಸೇರಿರೋರೆಲ್ಲ ಮೈಸೂರು, ಮಂಡ್ಯ ಕಡೆ ಮನೆ ಅಂಗಳದಲ್ಲಿ ಗೋಲ್ಡ್‌ಫಿಶ್ಶೋ ಕೋಯ್ ಮೀನೋ ಸಾಕ್ತಿರೋರು. ಫಿಲ್ಟರ್ ಯಾಕೆ ಬೇಕು, ಅಮೋನಿಯಾ ಅಂದ್ರೇನು ಅನ್ನೋದನ್ನೆಲ್ಲ ಮತ್ತೆ ಹೇಳಕ್ಕೆ ಹೋಗಲ್ಲ. ನೇರ ಸೆಟ್ಲಿಂಗ್ ಚೇಂಬರ್‌ಗೆ ಬರ್ತೀನಿ. ಕೊಳದ ನೀರು ಹಾದುಹೋಗುವಾಗ ಮೀನಿನ ಹಿಕ್ಕೆ ತಳಕ್ಕೆ ಕೂರೋ ತೊಟ್ಟಿ ಅದು, ನಾನದನ್ನ ಹೂಳುತೊಟ್ಟಿ ಅಂತೀನಿ.

ತೊಟ್ಟಿ ಕಟ್ಟಕ್ಕೆ ಹೊರಟೋರು ಮೊದಲು ಕೇಳೋದು, ‘ಎಷ್ಟು ಲೀಟರಿನ ಡ್ರಮ್ ತರಲಿ?’ ಅಂತ. ದಾರಿ ತಪ್ಪೋದು ಅಲ್ಲೇ. ಕೇಳಬೇಕಾದ್ದು ಅಗಲ.

ಯಾಕೆ ಅಂತ ನೋಡಿ. ಡ್ರಮ್ಮಿನೊಳಗೆ ನೀರು ಕೆಳಗಿಂದ ಮೇಲಕ್ಕೆ ಏರಿ ಹೊರಗೆ ಹೋಗುತ್ತೆ, ಮೀನಿನ ಹಿಕ್ಕೆ ಮೇಲಿಂದ ಕೆಳಕ್ಕೆ ಇಳಿಯುತ್ತೆ. ನೀರು ಏರೋ ವೇಗ ಹಿಕ್ಕೆ ಇಳಿಯೋ ವೇಗಕ್ಕಿಂತ ಹೆಚ್ಚಾದ್ರೆ ಹಿಕ್ಕೆ ನೀರಿನ ಜೊತೆಗೇ ಹೊರಟುಹೋಯ್ತು. ಏರೋ ವೇಗ ಅಂದ್ರೆ ಹರಿವನ್ನ ಡ್ರಮ್ಮಿನ ಬಾಯಿಯ ವಿಸ್ತೀರ್ಣದಿಂದ ಭಾಗಿಸಿದ್ದು, ಅಷ್ಟೇ. ಎತ್ತರ ಈ ಲೆಕ್ಕದಲ್ಲಿ ಎಲ್ಲೂ ಬರಲ್ಲ.

ಇದು ಹೊಸ ಮಾತಲ್ಲ. ಅಮೆರಿಕದ ಎಂಜಿನಿಯರ್ ಅಲೆನ್ ಹೇಜನ್ 1904ರಲ್ಲೇ ಬರೆದಿಟ್ಟಿದ್ದಾರೆ. ಅವರ ವಾದ ಎಷ್ಟು ಸೊಗಸು ಅಂದ್ರೆ, ತೊಟ್ಟಿಯ ಮಧ್ಯೆ ಅಡ್ಡಡ್ಡ ಒಂದು ಹಲಗೆ ಇಟ್ಟೆವು ಅಂದ್ಕೊಳ್ಳಿ. ನೀರು ಅಷ್ಟೇ, ತೊಟ್ಟಿ ಅಷ್ಟೇ, ಆದ್ರೆ ಹೂಳು ಕೂರಕ್ಕೆ ಎರಡು ನೆಲ ಆಯ್ತು, ಕೆಲಸ ಎರಡು ಪಟ್ಟಾಯ್ತು. ದೊಡ್ಡ ನೀರು ಶುದ್ಧೀಕರಣ ಘಟಕಗಳಲ್ಲಿ ಓರೆಯಾಗಿ ಜೋಡಿಸಿರೋ ತಟ್ಟೆಗಳ ಹಿಂದೆ ಇರೋದೂ ಇದೇ ಯೋಚನೆ. ನಮ್ಮ ಕೆರೆಗಳನ್ನೇ ನೋಡಿ. ಹಳ್ಳದ ನೀರು ಕೆರೆ ಅಂಗಳಕ್ಕೆ ಬಂದು ಹರಡಿಕೊಂಡ ತಕ್ಷಣ ದಪ್ಪ ಮರಳನ್ನ ಬಾಯಲ್ಲೇ ಇಳಿಸುತ್ತೆ, ನುಣ್ಣನೆ ಗೋಡು ಕೆರೆ ಏರಿಯ ಹತ್ತಿರಕ್ಕೆ ಹೋಗುತ್ತೆ. ಆಳ ಅಲ್ಲ ಸ್ವಾಮಿ, ಅಗಲ.

ಈಗ ಲೆಕ್ಕ. ಪಂಪಿನ ಡಬ್ಬದ ಮೇಲಿರೋ ಅಂಕಿ ನಂಬಬೇಡಿ, ಅದು ನೀರನ್ನ ಒಂದಡಿಯೂ ಎತ್ತದೆ ಬರೋ ಹರಿವು. 20 ಲೀಟರ್ ಬಕೆಟ್ ಹಿಡಿದು ಗಡಿಯಾರ ನೋಡಿ. 36 ಸೆಕೆಂಡಿಗೆ ತುಂಬಿದ್ರೆ ಗಂಟೆಗೆ 2000 ಲೀಟರ್, ಅಂದ್ರೆ ನಿಮಿಷಕ್ಕೆ ಸುಮಾರು 33. ಆಮೇಲೆ ಎತ್ತರದ ಗಾಜಿನ ಜಾಡಿಯಲ್ಲಿ ಕೊಳದ್ದೇ ನೀರು ತುಂಬಿ, ಅದು ನಿಂತ ಮೇಲೆ ತಳದ ಹಿಕ್ಕೆಯನ್ನ ಮೆಲ್ಲಗೆ ಬಿಡಿ. ದಪ್ಪದ್ದನ್ನ ಲೆಕ್ಕಕ್ಕೆ ತಗೋಬೇಡಿ, ನೀವು ಹಿಡೀಬೇಕು ಅಂದ್ಕೊಂಡಿರೋ ಸಣ್ಣ ಚೂರಿನ ಮೇಲೆ ಕಣ್ಣಿಡಿ. 30 ಸೆಂಟಿಮೀಟರ್ ಇಳಿಯಕ್ಕೆ ಒಂದು ನಿಮಿಷ ತಗೊಂಡ್ರೆ, ಅರ್ಧಕ್ಕೆ ಇಳಿಸಿ ನಿಮಿಷಕ್ಕೆ 15 ಸೆಂಟಿಮೀಟರ್ ಅಂತ ಇಟ್ಕೊಳ್ಳಿ. ಡ್ರಮ್ಮಿನೊಳಗೆ ನೀರು ಜಾಡಿಯಷ್ಟು ಶಾಂತವಾಗಿರಲ್ಲ, ಅದಕ್ಕೆ. 33 ಲೀಟರನ್ನ 15ರಿಂದ, ಮತ್ತೆ ಉತ್ತರ ಚದರ ಮೀಟರಿನಲ್ಲಿ ಬರಕ್ಕೆ 10ರಿಂದ ಭಾಗಿಸಿ. 0.22 ಚದರ ಮೀಟರ್ ಬಂತು, ಬೇಕಾದ ಬಾಯಿ ಅಷ್ಟು.

ನೀಲಿ ಬಣ್ಣದ 200 ಲೀಟರ್ ಡ್ರಮ್ಮಿನ ಒಳ ಅಗಲ ಸುಮಾರು 57 ಸೆಂಟಿಮೀಟರ್, ಬಾಯಿ ಕಾಲು ಚದರ ಮೀಟರ್. ನಡುವೆ ನಿಲ್ಲಿಸೋ ಕೊಳವೆಯ (ಅದನ್ನ ಆಮೇಲೆ ಹೇಳ್ತೀನಿ) ಜಾಗ ಕಳೆದ್ರೆ ಸರಿಯಾಗಿ 0.22. ಅಂದ್ರೆ ಆ ಡ್ರಮ್ಮಿನ ಮಿತಿ ಗಂಟೆಗೆ 2000 ಲೀಟರ್. ಪಂಪು 4000ದ್ದಾದ್ರೆ ಎರಡು ಡ್ರಮ್ ಬೇಕು, ಆದ್ರೆ ಒಂದರ ಹಿಂದೆ ಒಂದು ಇಡಬೇಡಿ! ಹಾಗಿಟ್ರೆ ಎರಡರಲ್ಲೂ ಪೂರ್ತಿ 4000 ಹರಿಯುತ್ತೆ, ಏರೋ ವೇಗ ಒಂದಿಷ್ಟೂ ತಗ್ಗಲ್ಲ. ಅಕ್ಕಪಕ್ಕ ಇಟ್ಟು ಹರಿವನ್ನ ಹಂಚಿ. ಇಲ್ಲವೇ ಶೌಚದ ಗುಂಡಿಗೆ ಇಳಿಸ್ತಾರಲ್ಲ, ಆ ಮೂರಡಿ ಸಿಮೆಂಟ್ ರಿಂಗ್ ತನ್ನಿ. 0.65 ಚದರ ಮೀಟರ್ ಸಿಗುತ್ತೆ, ಗಂಟೆಗೆ 5000 ಲೀಟರ್ ಹರಿವನ್ನ ತಡೆಯುತ್ತೆ. ತಳಕ್ಕೆ 45 ಡಿಗ್ರಿಗೆ ಕಡಿಮೆ ಇಲ್ಲದ ಇಳಿಜಾರಿನಲ್ಲಿ ಗಾರೆ ಮಾಡಿಸಿ. ಹೊಸ ಸಿಮೆಂಟು ಸುಣ್ಣ ಬಿಡುತ್ತೆ, ಪಿಎಚ್, ಅಂದ್ರೆ ನೀರಿನ ಕ್ಷಾರದ ಮಟ್ಟ, ಏರುತ್ತೆ. ನೀರು ತುಂಬಿ, ಬದಲಾಯಿಸಿ, ಪಿಎಚ್ ನಿಂತ ಮೇಲೇ ಕೊಳಕ್ಕೆ ಜೋಡಿಸಿ.

ಇನ್ನೊಂದು ಮಾತು, ಇದನ್ನ ದಯವಿಟ್ಟು ಮರೀಬೇಡಿ. ಪಂಪು ಯಾವಾಗಲೂ ತೊಟ್ಟಿ ಆದ ಮೇಲೆ. ಮೊದಲೇ ಇಟ್ರೆ ಅದರ ರೆಕ್ಕೆ ಹಿಕ್ಕೆಯನ್ನ ಅರೆದು ಹಿಟ್ಟು ಮಾಡುತ್ತೆ. ಸಣ್ಣ ಕಣ ಅರ್ಧ ದಪ್ಪಕ್ಕೆ ಇಳಿದ್ರೆ ಮುಳುಗೋ ವೇಗ ಕಾಲು ಭಾಗಕ್ಕೆ ಬೀಳುತ್ತೆ, ಇದು ಸ್ಟೋಕ್ಸ್ ನಿಯಮ. ಆಗ ನಾಲ್ಕು ಪಟ್ಟು ಬಾಯಿ ಬೇಕು. ಕೊಳದ ತಳದಿಂದ ನೀರು ತಾನಾಗೇ ಹರಿದು ಬರಲಿ. 2000 ಲೀಟರಿಗೆ 75 ಎಂಎಂ ಪೈಪು, 4000-5000ಕ್ಕೆ 110 ಎಂಎಂ. ಕಿರಿದಾದ್ರೆ ಹಿಕ್ಕೆ ಒಡೆಯುತ್ತೆ, ತೀರಾ ದೊಡ್ಡದಾದ್ರೆ ಪೈಪಿನೊಳಗೇ ಹೂಳು ಕೂರುತ್ತೆ.

ಒಳಗೆ ಬಂದ ಪೈಪು ನಟ್ಟನಡುವೆ ಮೇಲ್ಮುಖವಾಗಿ ನಿಲ್ಲಲಿ, ಅದರ ಸುತ್ತ 200 ಎಂಎಂ ಪೈಪಿನ ತುಂಡೊಂದನ್ನ ನೀರಿನ ಮಟ್ಟಕ್ಕಿಂತ ಮೇಲಿಂದ ಅರ್ಧ ಆಳದವರೆಗೆ ಇಳಿಬಿಡಿ. ನೀರು ಅದರೊಳಗೆ ಕೆಳಕ್ಕಿಳಿದು, ಸುತ್ತಲೂ ಸಮನಾಗಿ ಹರಡಿ ಏರುತ್ತೆ. ಪಕ್ಕದಿಂದ ನುಗ್ಗಿಸಿ ಸುಳಿ ಎಬ್ಬಿಸೋದು ನೋಡಕ್ಕೆ ಚೆಂದ, ಆದ್ರೆ ಹೂಳು ಹಿಡಿಯೋದರಲ್ಲಿ ಈ ನಡುಕೊಳವೆಯೇ ಮೇಲು.

ಚೀಟಿ ಬಂತು, ಐದು ನಿಮಿಷ ಅಂತೆ. ಬೇಗ ಹೇಳ್ತೀನಿ.

ಕೋಡಿ ಒಂದೇ ಕಡೆ ಬೇಡ. ಒಂದೇ ತೂತಿದ್ರೆ ನೀರೆಲ್ಲ ಅತ್ತಲೇ ಓಡುತ್ತೆ, ಉಳಿದ ಅಗಲ ದಂಡ. ಮೇಲ್ಮೈಗಿಂತ ಐದಾರು ಸೆಂಟಿಮೀಟರ್ ಕೆಳಗೆ, ಅಂಚಿನ ಸುತ್ತ ಗರಗಸದಿಂದ ಸೀಳಿದ ಪೈಪು ಹಾಯಿಸಿ. ಏಪ್ರಿಲ್ಲಿನಲ್ಲಿ ಕೊಳದ ನೀರು ಇಂಗಿದಾಗಲೂ ಪಂಪು ಒಣಗಲ್ಲ.

ಹೂಳು ಹೊರಬಿಡೋ ತಳದ ತೂಬಿಗೆ ಎರಡು ಇಂಚಿನ ಬಾಲ್ ವಾಲ್ವ್. ದಿನಾ, ತಪ್ಪಿದ್ರೆ ದಿನ ಬಿಟ್ಟು ದಿನ, ಒಂದೇ ಸಲಕ್ಕೆ ಪೂರ್ತಿ ತೆರೆದು ಹತ್ತು ಹದಿನೈದು ಲೀಟರ್ ಬಿಡಿ. ಮೆಲ್ಲಗೆ ತೆರೆದ್ರೆ ಹೂಳಿನ ನಡುವೆ ಒಂದು ಬಿಲ ಕೊರೆದು ತಿಳಿನೀರಷ್ಟೇ ಬರುತ್ತೆ. ನಮ್ಮ ಸೆಖೆಗೆ ಹಾಗೇ ಬಿಟ್ರೆ ಕೊಳೆತು, ಗುಳ್ಳೆ ಎದ್ದು, ಹೂಳಿನ ಹೆಪ್ಪೇ ಮೇಲೆ ತೇಲುತ್ತೆ.

ಹಸಿರು ನೀರಿಗೆ ಇದು ಮದ್ದಲ್ಲ. ಆ ಪಾಚಿ ಇಲ್ಲಿ ಕೂರಲ್ಲ.

ಬಿಟ್ಟ ನೀರು ಬಾಳೆ ಬುಡಕ್ಕೋ ತೆಂಗಿನ ಪಾತಿಗೋ ಹೋಗಲಿ. ಮೀನಿಗೆ ಉಪ್ಪಿನ ಚಿಕಿತ್ಸೆ ಮಾಡಿದ್ರೆ ಮಾತ್ರ, ಕೊಳದ ನೀರು ಬದಲಾಯಿಸೋವರೆಗೂ ಬಾಳೆಗೆ ಹಾಕಬೇಡಿ.