ಎರಡು ಲೋಕಲ್‌ಹೋಸ್ಟ್, ಒಂದೇ ಪೋರ್ಟ್: ಪೈ ಮೇಲೆ ಜುಪಿಟರ್‌ಲ್ಯಾಬ್

ರಾಸ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್‌ನಲ್ಲಿ ಜುಪಿಟರ್‌ಲ್ಯಾಬ್ ಓಡಿಸಿ, ಅಂದ್ರೆ ಬ್ರೌಸರ್‌ನಲ್ಲೇ ನೋಟ್‌ಬುಕ್ ಥರ ಕೋಡ್ ಬರೆದು ಓಡಿಸೋ ಸಾಫ್ಟ್‌ವೇರ್, ಅದನ್ನ ಲ್ಯಾಪ್‌ಟಾಪ್‌ನಿಂದ ಬಳಸೋಣ. ಕಾರ್ಡ್‌ಗೆ ಓಎಸ್ ಹಾಕಿದ್ದು, ಎಸ್‌ಎಸ್‌ಎಚ್ (ದೂರದಿಂದಲೇ ಇನ್ನೊಂದು ಕಂಪ್ಯೂಟರ್‌ಗೆ ಲಾಗಿನ್ ಆಗೋ ದಾರಿ) ಆನ್ ಮಾಡಿದ್ದು ಹಿಂದೆ ನೋಡಿದ್ರಲ್ಲ, ಅದನ್ನ ಮತ್ತೆ ಹೇಳಲ್ಲ. ರಾಸ್‌ಬೆರಿ ಪೈ 5, 8 ಜಿಬಿ, ಓಎಸ್ ಬುಕ್‌ವರ್ಮ್. ಪಿಪ್ ಅಂದ್ರೆ ಪೈಥಾನ್ ಪ್ಯಾಕೇಜ್ ಹಾಕೋ ಟೂಲ್; ಪಿಪ್ ಇನ್‌ಸ್ಟಾಲ್ ಜುಪಿಟರ್‌ಲ್ಯಾಬ್ ಅಂತ ಹೊಡೆದ ತಕ್ಷಣ ಬಂತು ನೋಡಿ ಎರರ್: ಎಕ್ಸ್‌ಟರ್ನಲಿ ಮ್ಯಾನೇಜ್ಡ್ ಎನ್ವಿರಾನ್‌ಮೆಂಟ್. ಅಂದ್ರೆ ಈ ಪೈಥಾನ್ ನೋಡ್ಕೊಳ್ಳೋದು ಓಎಸ್, ಪಿಪ್ ಅಲ್ಲ. ಇದಕ್ಕೆ ‘ಬ್ರೇಕ್ ಸಿಸ್ಟಮ್ ಪ್ಯಾಕೇಜಸ್’ ಅಂತ ಒಂದು ಫ್ಲ್ಯಾಗ್, ಅಂದ್ರೆ ಕಮಾಂಡ್ ಜೊತೆ ಸೇರಿಸೋ ಆಯ್ಕೆ, ಇದೆ, ಹಾಕ್ಬೇಡಿ. ಓಎಸ್‌ನ ಎಷ್ಟೋ ಟೂಲ್‌ಗಳು ಅದೇ ಪೈಥಾನ್ ನಂಬ್ಕೊಂಡಿರ್ತವೆ. ಒಂದು ವೆನ್ವ್, ಅಂದ್ರೆ ಓಎಸ್‌ನಿಂದ ಬೇರೆಯಾದ ಪೈಥಾನ್ ಜಾಗ, ಮಾಡಿ, ಆಕ್ಟಿವೇಟ್ ಮಾಡಿ, ಅದರೊಳಗೆ ಇನ್‌ಸ್ಟಾಲ್ ಮಾಡಿ. ಮುಗೀತು.

ಇದು ಇಳಿಯೋಷ್ಟರಲ್ಲಿ ಹೆಸರಿನ ವಿಷಯ. ಜೂಲಿಯಾ, ಪೈಥಾನ್, ಆರ್, ಮೂರು ಭಾಷೆ ಸೇರಿ ಜುಪಿಟರ್. ಗುರುಗ್ರಹದ ಇಂಗ್ಲಿಷ್ ಹೆಸರಿನ ಸ್ಪೆಲ್ಲಿಂಗ್‌ನಲ್ಲಿರೋ ಐ ಬದಲು ವೈ ಬಂದಿರೋದು ಪೈಥಾನ್‌ನಿಂದಾನೇ. ಗೆಲಿಲಿಯೋ 1610ರಲ್ಲಿ ಗುರುಗ್ರಹದ ಚಂದ್ರಗಳನ್ನ ನೋಡಿ ನೋಟ್‌ಬುಕ್‌ನಲ್ಲಿ ಬರೆದಿಟ್ಟನಲ್ಲ, ಆ ಗೌರವಾನೂ ಈ ಹೆಸರಲ್ಲಿದೆ. ನನಗಂತೂ ಸಾಫ್ಟ್‌ವೇರ್ ಹೆಸರುಗಳಲ್ಲೇ ಇದು ಬಹಳ ಇಷ್ಟ... ಆಯ್ತು, ಇಳೀತು.

ಮೊದಲು ಪೈನಲ್ಲಿ ಟಿಮಕ್ಸ್ ತೆಗೀರಿ, ಕನೆಕ್ಷನ್ ಹೋದ್ರೂ ಟರ್ಮಿನಲ್ ಉಳಿಸೋ ಟೂಲ್ ಅದು. ನೇರವಾಗಿ ಓಡಿಸಿದ್ರೆ ವೈಫೈ ಒಂದ್ಸಲ ಕೈಕೊಟ್ರೂ ಎಸ್‌ಎಸ್‌ಎಚ್ ಜೊತೆಗೆ ಜುಪಿಟರೂ ಸಾಯುತ್ತೆ. ಟಿಮಕ್ಸ್ ಒಳಗೆ ಜುಪಿಟರ್ ಲ್ಯಾಬ್, ಜೊತೆಗೆ ನೋ-ಬ್ರೌಸರ್ ಫ್ಲ್ಯಾಗ್. ಕೆಳಗೆ ವಿಳಾಸ ಬಂತು: ಲೋಕಲ್‌ಹೋಸ್ಟ್, ಅಂದ್ರೆ ಆ ಕಂಪ್ಯೂಟರ್ ತಾನೇ; ಪೋರ್ಟ್ 8888, ಅಂದ್ರೆ ಅದರ ಬಾಗಿಲಿನ ನಂಬರ್ ಇದ್ದ ಹಾಗೆ; ಅದರ ಹಿಂದೆ 48 ಅಕ್ಷರದ ಟೋಕನ್, ಅಂದ್ರೆ ಒಳಗೆ ಬರೋಕೆ ಕೀಲಿ.

ಈಗ ಲ್ಯಾಪ್‌ಟಾಪ್‌ನಿಂದ ಟನಲ್, ಅಂದ್ರೆ ಲ್ಯಾಪ್‌ಟಾಪ್‌ನ ಒಂದು ಪೋರ್ಟನ್ನ ಎಸ್‌ಎಸ್‌ಎಚ್ ಮೂಲಕ ಪೈನ ಪೋರ್ಟ್‌ಗೆ ಸೇರಿಸೋ ದಾರಿ. ಎಸ್‌ಎಸ್‌ಎಚ್, ಡ್ಯಾಶ್ ದೊಡ್ಡ ಎನ್, ಡ್ಯಾಶ್ ದೊಡ್ಡ ಎಲ್, 8888 ಕೋಲನ್ ಲೋಕಲ್‌ಹೋಸ್ಟ್ ಕೋಲನ್ 8888, ಆಮೇಲೆ ಪೈ ವಿಳಾಸ. ಬ್ರೌಸರ್ ತೆಗೆದೆ, ಟೋಕನ್ ಹಾಕಿದೆ. ಇನ್‌ವ್ಯಾಲಿಡ್. ಮತ್ತೆ ಕಾಪಿ ಮಾಡಿ ಹಾಕಿದೆ, ಮತ್ತೆ ಇನ್‌ವ್ಯಾಲಿಡ್. ಟೋಕನ್ ಸರಿಯಾಗೇ ಇದೆ. ತಪ್ಪಿರೋದು ಬಾಗಿಲು.

ಟರ್ಮಿನಲ್‌ನ ಈ ಸಾಲು ನೋಡಿ, ಜೂಮ್ ಮಾಡಿದೀನಿ: ಅಡ್ರೆಸ್ ಆಲ್‌ರೆಡಿ ಇನ್ ಯೂಸ್. ಲ್ಯಾಪ್‌ಟಾಪ್‌ನಲ್ಲಿ ಮೊದಲೇ ಇನ್ನೊಂದು ಜುಪಿಟರ್ 8888ರಲ್ಲಿ ಕೂತಿದೆ. ಟನಲ್‌ಗೆ ಜಾಗ ಸಿಗಲಿಲ್ಲ, ಆದ್ರೂ ಎಸ್‌ಎಸ್‌ಎಚ್ ಒಂದು ಸಾಲು ಗೊಣಗಿ ಕನೆಕ್ಟ್ ಆಗೇ ಉಳೀತು. ಬ್ರೌಸರ್ ಹೋಗಿದ್ದು ಲ್ಯಾಪ್‌ಟಾಪ್‌ನ ಜುಪಿಟರ್ ಹತ್ರ. ಪೈ ಕೊಟ್ಟ ಟೋಕನ್ ಅದಕ್ಕೆ ಹೇಗೆ ಗೊತ್ತಾಗ್ಬೇಕು?

ಟನಲ್ ಕಮಾಂಡ್‌ನಲ್ಲಿ ಎಡಗಡೆ ನಂಬರ್ ಲ್ಯಾಪ್‌ಟಾಪ್‌ದು, ಬಲಗಡೆದು ಪೈದು. ನಡುವಿನ ಲೋಕಲ್‌ಹೋಸ್ಟ್ ಅಂದ್ರೆ ಪೈನ ಲೋಕಲ್‌ಹೋಸ್ಟ್, ನಿಮ್ಮದಲ್ಲ. ಎಲ್ಲರೂ ಎಡವೋದು ಇಲ್ಲೇ. ಅದಕ್ಕೇ ಎಡಗಡೆ ಮಾತ್ರ 9999 ಮಾಡಿ, ಬ್ರೌಸರ್‌ನಲ್ಲೂ 9999 ಹಾಕಿ, ಟೋಕನ್ ಅದೇ. ಬಂತು! ಜೊತೆಗೆ ‘ಎಕ್ಸಿಟ್ ಆನ್ ಫಾರ್ವರ್ಡ್ ಫೇಲ್ಯೂರ್ ಯೆಸ್’ ಆಪ್ಷನ್ ಸೇರಿಸಿ. ಪೋರ್ಟ್ ಸಿಗದಿದ್ರೆ ಎಸ್‌ಎಸ್‌ಎಚ್ ಅಲ್ಲೇ ನಿಲ್ಲುತ್ತೆ. ಇದು ಡೀಫಾಲ್ಟ್ ಆಗೇ ಇರ್ಬೇಕಿತ್ತು. ಪೈನಲ್ಲೇ 8888 ತುಂಬಿದ್ರೆ ಜುಪಿಟರ್ ತಾನೇ 8889ಕ್ಕೆ ಜರುಗುತ್ತೆ, ಹಾಗಾಗಿ ಅದು ತೋರ್ಸಿದ ನಂಬರ್ ಓದಿ, ಅಂದಾಜಲ್ಲಿ ಹಾಕ್ಬೇಡಿ.

ಜುಪಿಟರ್‌ಗೆ ಐಪಿ 0.0.0.0 ಕೊಟ್ರೆ, ಅಂದ್ರೆ ನೆಟ್‌ವರ್ಕ್‌ನಲ್ಲಿರೋ ಬೇರೆಯವರೂ ತಲುಪೋ ಹಾಗೆ ಬಿಟ್ರೆ, ಟನಲ್ಲೇ ಬೇಡ ಅನ್ನೋರಿದಾರೆ. ಬೇಡವೇ ಬೇಡ. ಜುಪಿಟರ್ ಒಳಗೆ ಟರ್ಮಿನಲ್ ಇದೆ, ಒಳಗೆ ಬಂದವರಿಗೆ ನಿಮ್ಮ ಅಕೌಂಟ್‌ನ ಶೆಲ್, ಅಂದ್ರೆ ಕಮಾಂಡ್ ಓಡಿಸೋ ಜಾಗ, ಸಿಕ್ಕ ಹಾಗೆ. ಪಾಸ್‌ವರ್ಡ್ ಇಡೋದೂ ದಂಡ, ಟನಲ್ ಇದ್ರೆ ಟೋಕನ್ ಸಾಕು... ಇಲ್ಲ, ತಡೀರಿ, ಟ್ಯಾಬ್ಲೆಟ್‌ನಿಂದ ಟನಲ್ ಮಾಡೋರಿಗೆ 48 ಅಕ್ಷರ ಒದ್ದಾಟವೇ. ಅಂಥವರು ‘ಜುಪಿಟರ್ ಸರ್ವರ್ ಪಾಸ್‌ವರ್ಡ್’ ಕಮಾಂಡ್ ಓಡಿಸಿ.

ಇನ್ನೊಂದು. ಟ್ಯಾಬ್ ಮುಚ್ಚಿದ್ರೆ ಲೆಕ್ಕ ನಿಲ್ಲಲ್ಲ, ಕರ್ನಲ್, ಅಂದ್ರೆ ಕೋಡ್ ಓಡಿಸೋ ಭಾಗ, ಪೈನಲ್ಲಿ ಓಡ್ತಾನೇ ಇರುತ್ತೆ. ಆದ್ರೆ ಪ್ರಿಂಟ್ ಆಗಿದ್ದೆಲ್ಲ ನೋಟ್‌ಬುಕ್‌ನಲ್ಲಿ ಉಳಿಯುತ್ತೆ ಅಂತ ನಂಬ್ಕೋಬೇಡಿ. ಗಂಟೆಗಟ್ಟಲೆ ಓಡೋ ಕೆಲಸ ಇದ್ರೆ ಫಲಿತಾಂಶ ಫೈಲ್‌ಗೆ ಬರೀರಿ. ಮುಗಿದ ಮೇಲೆ ಫೈಲ್ ಮೆನುವಿನಲ್ಲಿ ಶಟ್‌ಡೌನ್, ಆಮೇಲೆ ಪೈಗೆ ಸುಡೋ ಪವರ್‌ಆಫ್, ಹಸಿರು ಲೈಟ್ ನಿಂತ್ಮೇಲೆನೇ ಪ್ಲಗ್ ಕೀಳಿ. ಅಗೋ, ನಿಂತ್ತು.