ಹೊಲಿಗೆ ಮಾಗಿದ ಮೇಲೆ ಏಳುವ ಪ್ರಶ್ನೆಗಳು

ಕೇಳುಗರೆಲ್ಲರಿಗೂ ನಮಸ್ಕಾರ.

ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಮರುತಪಾಸಣೆಗೆ ಬರುವ ಕೊಠಡಿಯಲ್ಲಿ ಆಹಾರ ತಜ್ಞೆಯಾಗಿ ನಾನು ಹಲವು ವರ್ಷಗಳಿಂದ ಕುಳಿತಿದ್ದೇನೆ. ಶಸ್ತ್ರಚಿಕಿತ್ಸೆಗೆ ಮುಂಚೆ ಜನ ಕೇಳುವುದು ಎಷ್ಟು ಕಿಲೋ ಇಳಿಯುತ್ತದೆ, ಎಷ್ಟು ದಿನ ಆಸ್ಪತ್ರೆಯಲ್ಲಿರಬೇಕು ಎಂಬುದನ್ನು. ಆಮೇಲಿನ ಪ್ರಶ್ನೆಗಳೇ ಬೇರೆ. ಅವು ಊಟದ ತಟ್ಟೆಯ, ಬಾಚಣಿಗೆಯ, ಕನ್ನಡಿಯ ಮುಂದೆ ಹುಟ್ಟುವ ಪ್ರಶ್ನೆಗಳು. ಅವುಗಳಲ್ಲಿ ಬಹಳ ಮುಖ್ಯವಾದವನ್ನು ಎಷ್ಟೋ ಜನ ಕುರ್ಚಿಯಲ್ಲಿ ಕುಳಿತಿರುವಾಗ ಕೇಳುವುದೇ ಇಲ್ಲ. ಎದ್ದು ಬಾಗಿಲ ತನಕ ಹೋದವರು ಹಿಂತಿರುಗಿ, ದನಿ ತಗ್ಗಿಸಿ, "ಇನ್ನೊಂದು ವಿಷಯ ಕೇಳಬೇಕಿತ್ತು" ಎನ್ನುತ್ತಾರೆ. ಈ ಹೊತ್ತು ನಾನು ಮಾತಾಡಬೇಕೆಂದಿರುವುದು ಬಾಗಿಲ ಬಳಿ ನಿಂತು ಕೇಳುವ ಆ ಪ್ರಶ್ನೆಗಳ ಬಗ್ಗೆ. ಈ ಶಸ್ತ್ರಚಿಕಿತ್ಸೆಯ ನಂತರ ಬರುವ ತೊಂದರೆಗಳಲ್ಲಿ ಅನೇಕವು ಬೇಗ ಬಾಯಿಬಿಟ್ಟು ಹೇಳಿದರೆ ಸುಲಭವಾಗಿ ಪರಿಹಾರವಾಗುವಂಥವು, ಮುಚ್ಚಿಟ್ಟುಕೊಂಡರೆ ಮಾತ್ರ ದೊಡ್ಡದಾಗುವಂಥವು.

ಮೊದಲಿಗೆ, ಹೊಟ್ಟೆಯೊಳಗೆ ಏನಾಗಿರುತ್ತದೆ ಎಂಬುದನ್ನು ಸ್ವಲ್ಪದರಲ್ಲಿ ಹೇಳಿಬಿಡುತ್ತೇನೆ. ಇಂದು ಹೆಚ್ಚಾಗಿ ನಡೆಯುವ ಶಸ್ತ್ರಚಿಕಿತ್ಸೆಗಳು ಎರಡು. ಸ್ಲೀವ್ ಎನ್ನುವುದರಲ್ಲಿ ಜಠರದ ಮುಕ್ಕಾಲಿಗಿಂತ ಹೆಚ್ಚು ಭಾಗವನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ಅಂಗಿಯ ತೋಳಿನ ಹಾಗೆ ಕಿರಿದಾದ ಕೊಳವೆಯಾಗಿ ಬಿಡುತ್ತಾರೆ. ಬೈಪಾಸ್ ಎನ್ನುವುದರಲ್ಲಿ ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಯುವ ಪುಟ್ಟ ಚೀಲವೊಂದನ್ನು ಬೇರ್ಪಡಿಸಿ ಅದಕ್ಕೆ ಸಣ್ಣ ಕರುಳನ್ನು ಜೋಡಿಸುತ್ತಾರೆ. ತಿಂದ ಆಹಾರ ಜಠರದ ಉಳಿದ ಭಾಗವನ್ನೂ ಸಣ್ಣ ಕರುಳಿನ ಮೊದಲ ಭಾಗವನ್ನೂ ಮುಟ್ಟದೆ ಮುಂದಕ್ಕೆ ಸಾಗುತ್ತದೆ. ತೂಕ ಇಳಿಸಲೆಂದು ಜಠರದ ಬೈಪಾಸನ್ನು ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ಎಡ್ವರ್ಡ್ ಮೇಸನ್ ಮತ್ತು ಚಿಕಾಶಿ ಇಟೊ ಎಂಬ ವೈದ್ಯರು 1966ರಲ್ಲಿ ಆರಂಭಿಸಿದರು. ಆದರೆ ಹಸಿವನ್ನು ಎಬ್ಬಿಸುವ ಗ್ರೆಲಿನ್ ಎಂಬ ಹಾರ್ಮೋನು ಪತ್ತೆಯಾದದ್ದು 1999ರಲ್ಲಿ. ಅದು ಹೆಚ್ಚಾಗಿ ಉತ್ಪತ್ತಿಯಾಗುವುದು ಜಠರದ ಮೇಲ್ಭಾಗದಲ್ಲಿ. ಸ್ಲೀವ್ ಮಾಡುವಾಗ ತೆಗೆದುಹಾಕುವುದು ಬಹುಪಾಲು ಆ ಭಾಗವನ್ನೇ.

ಆದ್ದರಿಂದಲೇ ಮೊದಲ ತಿಂಗಳುಗಳಲ್ಲಿ ನಾನು ಕೇಳುವ ಮೊದಲ ಮಾತು, "ಹಸಿವೇ ಆಗುತ್ತಿಲ್ಲ, ಆದರೂ ತಿನ್ನಲೇಬೇಕೇ?" ಎಂಬುದು. ತಿನ್ನಲೇಬೇಕು. ಹಸಿವಿಲ್ಲವೆಂದು ಊಟ ಬಿಟ್ಟರೆ ಕೊಬ್ಬಿನ ಜೊತೆಗೆ ಮಾಂಸಖಂಡವೂ ಕರಗುತ್ತದೆ. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕೆಂದು ಸಾಮಾನ್ಯವಾಗಿ ಹೇಳುತ್ತೇವೆ. ಒಂದು ಕೋಳಿಮೊಟ್ಟೆಯಲ್ಲಿ ಇರುವುದು ಸುಮಾರು 6 ಗ್ರಾಂ. ಹೊಟ್ಟೆಗೆ ಹಿಡಿಸುವುದೇ ನಾಲ್ಕೈದು ಚಮಚ ಎಂದಿರುವಾಗ ಈ ಲೆಕ್ಕ ಎಷ್ಟು ಕಷ್ಟದ್ದು ಎಂಬುದು ತಟ್ಟೆಯ ಮುಂದೆ ಕುಳಿತವರಿಗೇ ಗೊತ್ತು. ಹಾಗಾಗಿ ಪ್ರತಿ ಊಟದಲ್ಲಿ ಮೊದಲ ತುತ್ತು ಪ್ರೋಟೀನ್ ಇರುವುದೇ ಆಗಿರಲಿ, ಮಿಕ್ಕದ್ದು ಆಮೇಲೆ. ಸಾಲದಿದ್ದರೆ ವೈದ್ಯರು ಹೇಳಿದ ಪ್ರೋಟೀನ್ ಪುಡಿಯನ್ನು ಸೇರಿಸಿಕೊಳ್ಳಬಹುದು. ಊಟ ನಿಧಾನವಾಗಿರಬೇಕು, ತುತ್ತು ಚಿಕ್ಕದಾಗಿರಬೇಕು. ಎದೆಮೂಳೆಯ ಕೆಳಗೆ ಬಿಗಿದಂತಾದರೆ ಕೈಯಲ್ಲಿರುವ ತುತ್ತನ್ನೂ ತಟ್ಟೆಗೆ ಹಾಕಿಬಿಡಬೇಕು, ಏಕೆಂದರೆ ಆಮೇಲಿನ ಆ ಒಂದು ತುತ್ತೇ ವಾಂತಿಗೆ ಕಾರಣವಾಗುತ್ತದೆ. ತಟ್ಟೆಯಲ್ಲಿ ಅನ್ನ ಬಿಡಬಾರದೆಂದು ಕಲಿತು ಬೆಳೆದವರಿಗೆ ಇದು ಮನಸ್ಸಿಗೆ ಒಗ್ಗುವುದು ತಡ. ಬಡಿಸಿಕೊಳ್ಳುವುದನ್ನೇ ಕಡಿಮೆ ಮಾಡಿಕೊಂಡರೆ ಆ ಸಂಕಟ ತಪ್ಪುತ್ತದೆ. ನೀರನ್ನು ಊಟದ ಜೊತೆ ಕುಡಿಯದೆ, ಊಟವಾಗಿ ಅರ್ಧ ಗಂಟೆಯಾದ ಮೇಲೆ ಗುಟುಕು ಗುಟುಕಾಗಿ, ದಿನಕ್ಕೆ ಒಂದೂವರೆ ಲೀಟರಿಗೆ ಕಡಿಮೆಯಾಗದಂತೆ ಕುಡಿಯಬೇಕು.

ಸಿಹಿ ತಿಂದ ಹದಿನೈದು ಇಪ್ಪತ್ತು ನಿಮಿಷಕ್ಕೆ ಎದೆ ಹೊಡೆದುಕೊಂಡು, ಬೆವರಿ, ಹೊಟ್ಟೆ ನುಲಿದು, ಭೇದಿಯಾಗುತ್ತದೆ ಎಂದು ಗಾಬರಿಯಿಂದ ಬರುವವರಿದ್ದಾರೆ. ಇದಕ್ಕೆ ಡಂಪಿಂಗ್ ಎನ್ನುತ್ತಾರೆ. ಬೈಪಾಸ್ ಆದವರಲ್ಲಿ ಇದು ಹೆಚ್ಚು. ಸಕ್ಕರೆಯ ಅಂಶ ಒಮ್ಮೆಲೇ ಕರುಳಿಗೆ ಇಳಿದಾಗ ಅದು ನೀರನ್ನು ಎಳೆದುಕೊಳ್ಳುವುದರಿಂದ ಹೀಗಾಗುತ್ತದೆ; ಕಷ್ಟ ಕೊಡುತ್ತದೆಯಾದರೂ ಸ್ವಲ್ಪ ಹೊತ್ತಿನಲ್ಲಿ ತಾನಾಗಿ ತಗ್ಗುತ್ತದೆ. ಆದರೆ ಊಟವಾಗಿ ಒಂದರಿಂದ ಮೂರು ಗಂಟೆಯ ನಂತರ ಕೈ ನಡುಗಿ, ಕಣ್ಣು ಮಂಜಾಗಿ, ತಲೆಸುತ್ತು ಬರುವುದು ಬೇರೆ ಬಗೆಯದು. ಅದು ರಕ್ತದ ಸಕ್ಕರೆ ಕುಸಿದದ್ದರ ಗುರುತು. ಇದು ಮರುಕಳಿಸಿದರೆ ವೈದ್ಯರಿಗೆ ಹೇಳಲೇಬೇಕು, ವಾಹನ ಓಡಿಸುವವರಂತೂ ಒಂದು ದಿನವೂ ಮುಂದೂಡಬಾರದು.

ಈಗ ಬಾಚಣಿಗೆಯ ವಿಷಯ. ಒಬ್ಬ ಮಹಿಳೆ ನಾಲ್ಕನೆಯ ತಿಂಗಳ ತಪಾಸಣೆಗೆ ಬಂದಾಗ ಮಡಿಸಿದ ಕಾಗದದ ಪೊಟ್ಟಣವೊಂದನ್ನು ಮೇಜಿನ ಮೇಲಿಟ್ಟರು. ಬಿಚ್ಚಿದರೆ ಒಳಗೆ ಸುರುಳಿ ಸುತ್ತಿದ ಕೂದಲು. ಒಂದು ವಾರ ತಲೆ ಬಾಚಿದಾಗ ಉದುರಿದ್ದನ್ನೆಲ್ಲ ಅವರು ಒಟ್ಟುಮಾಡಿ ತಂದಿದ್ದರು. ಮಾತಿನಲ್ಲಿ ಹೇಳಿದರೆ ನಾವು ನಂಬಲಿಕ್ಕಿಲ್ಲವೆಂಬ ಅನುಮಾನ ಅವರಿಗಿತ್ತು. ಅವರಿಗೆ ಹೇಳಿದ್ದನ್ನೇ ಇಲ್ಲಿಯೂ ಹೇಳುತ್ತೇನೆ. ದೇಹಕ್ಕೆ ದೊಡ್ಡ ಪೆಟ್ಟು ಬಿದ್ದಾಗ, ತೂಕ ಸರಸರನೆ ಇಳಿದಾಗ, ಬೆಳೆಯುತ್ತಿದ್ದ ಕೂದಲಿನಲ್ಲಿ ಒಂದು ಪಾಲು ಒಟ್ಟಿಗೇ ವಿಶ್ರಾಂತಿಯ ಹಂತಕ್ಕೆ ಹೋಗಿ, ಎರಡು ಮೂರು ತಿಂಗಳ ನಂತರ ಒಟ್ಟಿಗೇ ಉದುರುತ್ತದೆ. ಬುಡ ಸತ್ತಿರುವುದಿಲ್ಲವಾದ್ದರಿಂದ ಕೆಲವು ತಿಂಗಳಲ್ಲಿ ಕೂದಲು ಮತ್ತೆ ಬರುತ್ತದೆ. ಆದರೆ ವರ್ಷ ಕಳೆದರೂ ಉದುರುವುದು ನಿಲ್ಲದಿದ್ದರೆ, ಅಥವಾ ತಡವಾಗಿ ಶುರುವಾದರೆ, ಕಬ್ಬಿಣಾಂಶ, ಸತು, ಪ್ರೋಟೀನುಗಳಲ್ಲಿ ಯಾವುದೋ ಕೊರತೆಯಿದೆ ಎಂದು ಸಂಶಯಿಸಿ ರಕ್ತ ಪರೀಕ್ಷೆ ಮಾಡಿಸಬೇಕು. ತಲೆಗೆ ಹಚ್ಚುವ ಎಣ್ಣೆ ಬದಲಿಸಿದರೆ ಅದು ಸರಿಹೋಗದು.

ಕೊರತೆಯ ಮಾತು ಬಂದದ್ದರಿಂದ ಮಾತ್ರೆಗಳ ವಿಷಯ. "ಚೆನ್ನಾಗಿಯೇ ಇದ್ದೇನಲ್ಲ, ಈ ವಿಟಮಿನ್ ಮಾತ್ರೆ ಇನ್ನೆಷ್ಟು ದಿನ?" ಎಂದು ಕೇಳದವರೇ ಕಡಿಮೆ. ಉತ್ತರ: ಜೀವಮಾನವಿಡೀ. ಇದನ್ನು ನಾನು ಎಷ್ಟು ಒತ್ತಿ ಹೇಳಿದರೂ ಸಾಲದು. ವಿಟಮಿನ್ ಬಿ12 ಮೈಗೆ ಹತ್ತಬೇಕಾದರೆ ಜಠರದ ಆಮ್ಲವೂ, ಜಠರದಲ್ಲೇ ಒಸರುವ ಒಂದು ಪ್ರೋಟೀನೂ ಬೇಕು. ಜಠರವೇ ಕಿರಿದಾದಾಗ ಅಥವಾ ಆಹಾರದ ದಾರಿಯಿಂದ ತಪ್ಪಿಹೋದಾಗ ಅವೆರಡೂ ಸಾಕಷ್ಟು ಸಿಗುವುದಿಲ್ಲ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಹೆಚ್ಚಾಗಿ ಹೀರಲ್ಪಡುವುದು ಸಣ್ಣ ಕರುಳಿನ ಆರಂಭದಲ್ಲಿ, ಬೈಪಾಸಿನಲ್ಲಿ ಆಹಾರ ದಾಟಿಹೋಗುವುದೂ ಆ ಭಾಗವನ್ನೇ. ಬಿ12ರ ಸಂಗ್ರಹ ಯಕೃತ್ತಿನಲ್ಲಿ ವರ್ಷಗಟ್ಟಲೆಗೆ ಸಾಲುವಷ್ಟು ಇರುವುದರಿಂದ ಮಾತ್ರೆ ಬಿಟ್ಟವರಿಗೆ ತಕ್ಷಣ ಏನೂ ಗೊತ್ತಾಗುವುದಿಲ್ಲ. ಎರಡು ಮೂರು ವರ್ಷ ಕಳೆದ ಮೇಲೆ ಪಾದ ಜೋಮು ಹಿಡಿಯುತ್ತದೆ, ನಡಿಗೆ ತಪ್ಪುತ್ತದೆ. ನರಕ್ಕೆ ಆದ ಹಾನಿ ಆಗ ಪೂರ್ತಿ ಹಿಂತಿರುಗದೆ ಹೋಗಬಹುದು. ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಗಳನ್ನು ಒಟ್ಟಿಗೆ ನುಂಗಬಾರದು, ನಡುವೆ ಕನಿಷ್ಠ ಎರಡು ಗಂಟೆಯ ಅಂತರವಿರಬೇಕು. ಮೊದಲ ವರ್ಷ ಕೆಲವು ಬಾರಿ, ಆಮೇಲೆ ವರ್ಷಕ್ಕೊಮ್ಮೆಯಾದರೂ ರಕ್ತ ಪರೀಕ್ಷೆ ತಪ್ಪಬಾರದು.

ಇದಕ್ಕಿಂತ ತುರ್ತಾದದ್ದು ವಿಟಮಿನ್ ಬಿ1, ಅಂದರೆ ಥಯಾಮಿನ್. ಇದರ ಸಂಗ್ರಹ ದೇಹದಲ್ಲಿ ಕೆಲವೇ ವಾರಗಳಿಗಾಗುವಷ್ಟು. ದಿನಗಟ್ಟಲೆ ವಾಂತಿಯಾಗುತ್ತಿದ್ದರೆ "ಹೊಸ ಹೊಟ್ಟೆ, ಒಗ್ಗಬೇಕಷ್ಟೆ" ಎಂದು ಮನೆಯಲ್ಲಿ ಕೂರಬೇಡಿ. ಕಣ್ಣಿನ ಚಲನೆ ತಪ್ಪುವುದು, ಎರಡೆರಡಾಗಿ ಕಾಣುವುದು, ನಡೆಯುವಾಗ ತೂರಾಡುವುದು, ಮಾತು ಗೊಂದಲವಾಗುವುದು, ಇವು ಮಿದುಳಿಗೆ ಪೆಟ್ಟು ಬೀಳುತ್ತಿರುವ ಸೂಚನೆಗಳು. ಅಂದೇ ಆಸ್ಪತ್ರೆಗೆ ಹೋಗಬೇಕು, ಮತ್ತು ಅಲ್ಲಿ ಗ್ಲೂಕೋಸ್ ಹಾಕುವವರಿಗೆ ತೂಕದ ಶಸ್ತ್ರಚಿಕಿತ್ಸೆ ಆಗಿರುವುದನ್ನು ಮೊದಲೇ ಹೇಳಬೇಕು, ಏಕೆಂದರೆ ಥಯಾಮಿನ್ ಕೊಡದೆ ಗ್ಲೂಕೋಸ್ ಕೊಟ್ಟರೆ ಸ್ಥಿತಿ ಇನ್ನಷ್ಟು ಕೆಡಬಹುದು. ಹಾಗೆಯೇ ಮೊದಲ ವಾರಗಳಲ್ಲಿ ಜ್ವರ, ಇಳಿಯದ ನಾಡಿಬಡಿತ, ಹೆಚ್ಚುತ್ತಿರುವ ಹೊಟ್ಟೆನೋವು, ಉಸಿರಾಟದ ತೊಂದರೆ, ಒಂದೇ ಕಾಲಿನ ಊತ ಕಂಡರೆ ಬೆಳಗಾಗಲಿ ಎಂದು ಕಾಯಬಾರದು. ಬೈಪಾಸ್ ಆದವರಿಗೆ ವರ್ಷಗಳ ನಂತರವೂ ಕರುಳು ಒಳಗೇ ಸಿಕ್ಕಿಕೊಳ್ಳುವ ಸಾಧ್ಯತೆಯಿದೆ. ಬಂದು ಬಂದು ಹೋಗುವ ತೀವ್ರ ಹೊಟ್ಟೆನೋವನ್ನು ಗ್ಯಾಸ್ಟ್ರಿಕ್ ಎಂದು ತಳ್ಳಿಹಾಕಬಾರದು.

ಬೇರೆ ಔಷಧಿಗಳ ಲೆಕ್ಕವೂ ಬದಲಾಗುತ್ತದೆ. ಮಧುಮೇಹ, ರಕ್ತದೊತ್ತಡಗಳ ಔಷಧಿಯ ಪ್ರಮಾಣವನ್ನು ಹೆಚ್ಚಾಗಿ ಮೊದಲ ದಿನಗಳಿಂದಲೇ ತಗ್ಗಿಸಬೇಕಾಗುತ್ತದೆ, ಅದನ್ನು ವೈದ್ಯರೇ ಮಾಡಬೇಕು. ಮೈಕೈ ನೋವಿಗೆಂದು ಐಬುಪ್ರೊಫೆನ್, ಡೈಕ್ಲೋಫೆನಾಕ್ ಬಗೆಯ ಮಾತ್ರೆಗಳನ್ನು ತಾವಾಗಿ ತೆಗೆದುಕೊಂಡರೆ, ಅದರಲ್ಲೂ ಬೈಪಾಸ್ ಆದವರಲ್ಲಿ, ಜೋಡಣೆಯಾದ ಜಾಗದಲ್ಲಿ ಹುಣ್ಣಾಗಬಹುದು. ಧೂಮಪಾನದಿಂದಲೂ ಅದೇ ಅಪಾಯ. ಮದ್ಯ ಮೊದಲಿಗಿಂತ ಬೇಗ ರಕ್ತಕ್ಕೆ ಸೇರಿ ಬೇಗ ತಲೆಗೇರುತ್ತದೆ. ಮುಂಚೆ ಚಟವಿಲ್ಲದಿದ್ದ ಕೆಲವರು ಒಂದೆರಡು ವರ್ಷಗಳ ನಂತರ ಅದಕ್ಕೆ ಅಂಟಿಕೊಂಡ ನಿದರ್ಶನಗಳೂ ಇವೆ.

ಬಾಗಿಲ ಬಳಿ ಅತ್ಯಂತ ತಗ್ಗಿದ ದನಿಯಲ್ಲಿ ಬರುವ ಪ್ರಶ್ನೆ ಮಗುವಿನದು. ತೂಕ ಇಳಿದಂತೆ ಅಂಡೋತ್ಪತ್ತಿ ಸರಿಹೋಗಿ, ವರ್ಷಗಟ್ಟಲೆ ಗರ್ಭ ನಿಲ್ಲದಿದ್ದವರಿಗೂ ಕೆಲವೇ ತಿಂಗಳಲ್ಲಿ ನಿಲ್ಲಬಹುದು. ಅದು ಸಂತೋಷದ ಸುದ್ದಿಯೇ, ಆದರೆ ತೂಕ ಭರದಿಂದ ಇಳಿಯುತ್ತಿರುವಾಗ ತಾಯಿಗೂ ಮಗುವಿಗೂ ಪೋಷಣೆ ಸಾಲದಾಗುವ ಭಯವಿರುವುದರಿಂದ 12ರಿಂದ 18 ತಿಂಗಳು ಕಾಯಿರಿ ಎನ್ನುತ್ತೇವೆ. ಬೈಪಾಸ್ ನಂತರ ನುಂಗುವ ಗರ್ಭನಿರೋಧಕ ಮಾತ್ರೆಗಳನ್ನು ಪೂರ್ತಿ ನಂಬುವಂತಿಲ್ಲ. ಬೇರೆ ವಿಧಾನಗಳ ಬಗ್ಗೆ ಸ್ತ್ರೀರೋಗ ತಜ್ಞರನ್ನು ಕೇಳಬೇಕು. ಕಾಯಬೇಕಾದ ಅವಧಿಯೊಳಗೇ ಗರ್ಭ ನಿಂತಿತೆಂದು ಹೆದರಿ ಸುದ್ದಿಯನ್ನು ಮುಚ್ಚಿಡಬಾರದು. ಬೇಗ ಬಂದು ಹೇಳಿದರೆ ಪರೀಕ್ಷೆ, ಔಷಧಿ, ಆಹಾರ ಎಲ್ಲವನ್ನೂ ಹೊಂದಿಸಬಹುದು.

ಜೋತುಬಿದ್ದ ಚರ್ಮದ ಬಗ್ಗೆ ಹೆಚ್ಚು ಹೇಳಲಾರೆ. ವ್ಯಾಯಾಮದಿಂದ ಸ್ನಾಯು ಗಟ್ಟಿಯಾಗುತ್ತದೆ, ಹಿಗ್ಗಿದ ಚರ್ಮ ಪೂರ್ತಿ ಬಿಗಿಯಾಗದು. ಶಸ್ತ್ರಚಿಕಿತ್ಸೆಯಿಂದ ಅದನ್ನು ತೆಗೆಸುವುದಾದರೆ ತೂಕ ಒಂದು ಮಟ್ಟದಲ್ಲಿ ನಿಂತ ಮೇಲೆಯೇ. ಮನಸ್ಸಿನ ವಿಷಯ ಮಾತ್ರ ಬಿಡಲಾಗದು. ಬೇಸರಕ್ಕೂ ಕೋಪಕ್ಕೂ ಒಂಟಿತನಕ್ಕೂ ತಿನ್ನುವುದನ್ನೇ ಆಸರೆ ಮಾಡಿಕೊಂಡಿದ್ದವರಿಗೆ ಆ ಆಸರೆ ಒಂದೇ ದಿನದಲ್ಲಿ ತಪ್ಪಿಹೋಗುತ್ತದೆ. ಎಲ್ಲರೂ ಹೊಗಳುತ್ತಿರುವಾಗ ತಮಗೆ ಮಾತ್ರ ಅಳು ಬರುತ್ತಿದೆ ಎಂದು ಹೇಳಿಕೊಳ್ಳಲು ನಾಚುತ್ತಾರೆ. ದಯವಿಟ್ಟು ಹೇಳಿಕೊಳ್ಳಿ. ಬದುಕು ಬೇಡವೆನಿಸುವ ಯೋಚನೆ ಬಂದರಂತೂ ಆ ಗಳಿಗೆಯಲ್ಲೇ ಹತ್ತಿರದವರಿಗೆ, ವೈದ್ಯರಿಗೆ ತಿಳಿಸಿ.

ಕೊನೆಯದಾಗಿ, ತೂಕ ಮರಳುವ ಮಾತು. ಸಾಮಾನ್ಯವಾಗಿ ಒಂದೂವರೆ ಎರಡು ವರ್ಷಕ್ಕೆ ತೂಕ ಅತಿ ಕಡಿಮೆಯಾಗಿ, ಆಮೇಲೆ ಸ್ವಲ್ಪ ಏರುವುದು ಬಹಳ ಜನರಲ್ಲಿ ಕಂಡುಬರುತ್ತದೆ. ಬೊಜ್ಜು ದೀರ್ಘಕಾಲದ ಕಾಯಿಲೆ. ಹಸಿವು ಹಿಂತಿರುಗುತ್ತದೆ, ದೇಹವು ಕಳೆದುಕೊಂಡ ತೂಕವನ್ನು ಮರಳಿ ಪಡೆಯಲು ಹವಣಿಸುತ್ತದೆ. ಇದಕ್ಕೆ ಆಹಾರದ ಮರುಹೊಂದಿಕೆ, ಔಷಧಿ, ಕೆಲವೊಮ್ಮೆ ಎರಡನೆಯ ಶಸ್ತ್ರಚಿಕಿತ್ಸೆಯೂ ಇದೆ. ಆದರೂ ತೂಕ ಏರಿದೊಡನೆ ಜನ ಮೊದಲು ಬಿಡುವುದು ಮರುತಪಾಸಣೆಯನ್ನೇ, ಅದರ ಹಿಂದೆಯೇ ಮಾತ್ರೆಗಳನ್ನು.

ಎರಡು ವರ್ಷ ಬಾರದೆ ಇದ್ದ ಒಬ್ಬರು ಒಂದು ಬೆಳಿಗ್ಗೆ ಬಂದರು. ಕುಳಿತುಕೊಳ್ಳುವ ಮುಂಚೆಯೇ ತೂಕದ ಯಂತ್ರದ ಪಕ್ಕ ನಿಂತು, ಚಪ್ಪಲಿ ಬಿಟ್ಟು, ಕೈಗಡಿಯಾರ ಬಿಚ್ಚಿ, ಜೇಬಿನ ಬೀಗದ ಕೈಗಳನ್ನೂ ಮೇಜಿನ ಮೇಲಿಟ್ಟರು. ನನ್ನ ಮುಖ ನೋಡಲಿಲ್ಲ. ಯಂತ್ರ ಅಲ್ಲೇ ಇರಲಿ, ಮೊದಲು ಕುಳಿತುಕೊಳ್ಳಿ ಎಂದೆ. ಪಾದ ಜುಮ್ಮೆನ್ನುತ್ತದೆಯೇ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದವರು, ಆರು ತಿಂಗಳಿಂದ ಹಾಗಾಗುತ್ತಿದೆ, ಆದರೆ ತೂಕ ಇಳಿಸಿಕೊಂಡು ಆಮೇಲೆ ಬಂದು ಹೇಳೋಣವೆಂದು ಕಾಯುತ್ತಿದ್ದೆ ಎಂದರು. ಅಂದೇ ರಕ್ತ ತೆಗೆಸಿದೆವು, ವೈದ್ಯರು ಬಿ12 ಚುಚ್ಚುಮದ್ದು ಶುರುಮಾಡಿದರು. ತೂಕ ನೋಡಿದ್ದು ಮುಂದಿನ ಭೇಟಿಯಲ್ಲಿ.

ನಮಸ್ಕಾರ.